ನಲವತ್ತನೇ ರ‍್ಯಾಂಕು

ಜೂನ್ ಮೊದಲ ವಾರ ಮಗಳ ಶಾಲೆಯ ಪೋರ್ಟಲ್‌ನಲ್ಲಿ ಒಂದು ಸಾಲು ಕಾಣಿಸಿತು. ಒಟ್ಟು ಮಕ್ಕಳು 718, ಇವಳ ರ‍್ಯಾಂಕು 40. ಹನ್ನೊಂದನೇ ತರಗತಿ ಮುಗಿದಾಗಿನ ರ‍್ಯಾಂಕು. ಕಾಲೇಜಿನ ಅರ್ಜಿಯ ಜೊತೆ ಹೋಗುವುದೂ ಅದೇ.

ಹಾವೇರಿ ಕಡೆಯ ನಮ್ಮೂರಿಗೆ ಫೋನ್ ಹಚ್ಚಿ ಅಪ್ಪನಿಗೆ ಹೇಳಿದೆ. "ಏಳುನೂರು ಮಂದ್ಯಾಗ ನಲವತ್ತನೇದಾಕಿ ಅಂದ್ರ ಭಾಳ ಛಲೋ ಆತಲ್ಲವಾ! ಓಣಿಗೆಲ್ಲ ಪೇಢೆ ಹಂಚತೀನಿ ನಾನು" ಅಂದರು. ನಿಜಕ್ಕೂ ಹಂಚಿದರು. ಇಲ್ಲಿ ನಮ್ಮ ಮನೆಯಲ್ಲಿ ಪೇಢೆಯ ವಾತಾವರಣ ಇರಲಿಲ್ಲ. ನಮ್ಮವರು ಫೋನಿನ ಕ್ಯಾಲ್ಕುಲೇಟರಿನಲ್ಲಿ 718ರ ಶೇಕಡಾ 5 ಎಷ್ಟು ಅಂತ ನಾಲ್ಕನೇ ಸಲ ನೋಡುತ್ತಿದ್ದರು. 35.9. ಎಷ್ಟು ಸಲ ಒತ್ತಿದರೂ ಅಷ್ಟೇ.

ಇದನ್ನು ಓದುವವರಲ್ಲಿ ಟೆಕ್ಸಾಸ್‌ನಲ್ಲಿ ಇಲ್ಲದವರೇ ಹೆಚ್ಚು ಇರಬಹುದು, ಆದ್ದರಿಂದ ಸ್ವಲ್ಪ ಹೇಳಿಬಿಡುತ್ತೇನೆ. ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯ, ಇಲ್ಲಿನವರ ಬಾಯಲ್ಲಿ ಬರೀ ಯು.ಟಿ., ಈ ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಮನೆಯ ಹಿರಿಮಗ ಇದ್ದ ಹಾಗೆ. ಅಮೆರಿಕದ ಒಂದೊಂದು ರಾಜ್ಯಕ್ಕೂ ಇಂಥ ಹಿರಿಮಗ ಒಬ್ಬನಿದ್ದಾನೆ: ಮಿಶಿಗನ್ನಿಗೆ ಆನ್ ಆರ್ಬರ್‌ನದು, ನಾರ್ತ್ ಕೆರೊಲಿನಾಕ್ಕೆ ಚಾಪೆಲ್ ಹಿಲ್‌ನದು, ಕ್ಯಾಲಿಫೋರ್ನಿಯಾಕ್ಕೆ ಬರ್ಕ್ಲಿ. ರಾಜ್ಯದ ತೆರಿಗೆದಾರರ ಮಕ್ಕಳಿಗೆ ಕಡಿಮೆ ಫೀಸಿನಲ್ಲಿ ಒಳ್ಳೆಯ ಓದು ಸಿಗಲಿ ಅಂತ ಕಟ್ಟಿದವು. ಯು.ಟಿ.ಯಲ್ಲಿ ಟೆಕ್ಸಾಸಿನ ಮಗುವಿಗೆ ವರ್ಷದ ಬೋಧನಾ ಶುಲ್ಕ ಹನ್ನೆರಡು ಸಾವಿರ ಡಾಲರಿನ ಆಸುಪಾಸು, ಹೊರರಾಜ್ಯದವರಿಗೆ ನಲವತ್ತು ಸಾವಿರದ ಮೇಲೆ. ಮೊದಲ ವರ್ಷದ ಸೀಟಿನಲ್ಲಿ ಶೇಕಡಾ 90 ಟೆಕ್ಸಾಸಿನವರಿಗೇ ಮೀಸಲು.

ಈ ರಾಜ್ಯದಲ್ಲಿ ಇನ್ನೊಂದು ವಿಚಿತ್ರ ಕಾಯ್ದೆ ಇದೆ. ಯಾವ ಹೈಸ್ಕೂಲಾದರೂ ಸರಿ, ಅಲ್ಲಿ ಮೊದಲ ಶೇಕಡಾ 10ರೊಳಗೆ ಬಂದ ಮಗುವಿಗೆ ರಾಜ್ಯದ ಸರಕಾರಿ ವಿಶ್ವವಿದ್ಯಾಲಯಗಳು ಇಲ್ಲ ಅನ್ನುವ ಹಾಗಿಲ್ಲ, ಹೀಗೆ ತಾನಾಗಿ ಸೀಟು ಸಿಕ್ಕವರಿಗೆ ಆಟೊ ಅಡ್ಮಿಟ್ ಅನ್ನುತ್ತಾರೆ. ಯು.ಟಿ.ಗೆ ಮಾತ್ರ ಒಂದು ರಿಯಾಯಿತಿ: ಟೆಕ್ಸಾಸಿನವರ ಸೀಟುಗಳಲ್ಲಿ ಮುಕ್ಕಾಲು ಪಾಲು ಹೀಗೆ ತುಂಬಿದರೆ ಸಾಕು. ಹಾಗಾಗಿ ಆ ಹತ್ತು ಅನ್ನುವುದು ಇಲ್ಲಿ ಎಂಟಾಯಿತು, ಏಳಾಯಿತು, 2019ರಲ್ಲಿ ಸೇರುವವರಿಗೆ ಆರಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪ್ರಕಟಣೆ ಬಂತು: 2026ರಲ್ಲಿ ಸೇರುವವರಿಂದ ಐದು. ನಮ್ಮವಳು ಸೇರಬೇಕಾದದ್ದು 2026ರಲ್ಲಿ.

ಹಳೆಯ ಆರು ಪರ್ಸೆಂಟ್ ಇದ್ದಿದ್ದರೆ 43ನೇ ರ‍್ಯಾಂಕಿನ ತನಕ ಸೀಟು ಖಾತ್ರಿ. ಒಂದು ವರ್ಷ ಮೊದಲು ಹುಟ್ಟಿದ್ದರೆ ಅಂತ ನಮ್ಮವರು ಅಂದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು. ಅದೂ ನನ್ನದೇ ತಪ್ಪು ಅನ್ನುವ ಧಾಟಿ.

*

ಸಂಖ್ಯೆಗಳು ಯಾಕೆ ಹೀಗೆ ಕುಗ್ಗುತ್ತ ಬಂದವು ಅನ್ನುವುದಕ್ಕೆ ದೊಡ್ಡ ರಹಸ್ಯವೇನಿಲ್ಲ. ಮೊದಲ ವರ್ಷಕ್ಕೆ ಸೇರುವವರು ಸುಮಾರು 9,000 ಮಂದಿ. 2024ಕ್ಕೆ ಬಂದ ಅರ್ಜಿಗಳು ಸುಮಾರು 73,000. ಅದರ ಮುಂದಿನ ವರ್ಷ 90,000 ದಾಟಿತು. ಟೆಕ್ಸಾಸಿಗೆ ಜನ ಬಂದು ಸೇರುತ್ತಲೇ ಇದ್ದಾರೆ. ಬಂದವರಲ್ಲಿ ನಾವೂ ಇದ್ದೇವೆ. ಮೊದಲು ರಾಜ್ಯದ್ದೇ ಆದ ಅರ್ಜಿ ತುಂಬಬೇಕಿತ್ತು. ಈಗ ದೇಶಕ್ಕೆಲ್ಲ ಒಂದೇ ಆಗಿರುವ ಕಾಮನ್ ಆ್ಯಪ್‌ನಲ್ಲಿ ಯು.ಟಿ.ಯೂ ಇದೆ, ಇನ್ನೊಂದು ಗುಂಡಿ ಒತ್ತಿದರಾಯಿತು. ಒಬ್ಬೊಬ್ಬ ಮಗುವೂ ಹದಿನೈದು ಇಪ್ಪತ್ತು ಕಡೆ ಅರ್ಜಿ ಹಾಕುತ್ತದೆ, ಎಲ್ಲರೂ ಹಾಗೆ ಮಾಡುವುದರಿಂದ ಎಲ್ಲ ಕಡೆಯೂ ಸಾಲು ಬೆಳೆಯುತ್ತದೆ, ಸಾಲು ನೋಡಿ ಹೆದರಿದವರು ಇನ್ನೂ ಐದು ಕಡೆ ಹಾಕುತ್ತಾರೆ.

ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಮಾಡಿದ ಲೆಕ್ಕ ಇದು. 9,000ದಲ್ಲಿ ಟೆಕ್ಸಾಸಿನವರಿಗೆ 8,100. ಅದರಲ್ಲಿ ಮುಕ್ಕಾಲು ಪಾಲು ಐದು ಪರ್ಸೆಂಟಿನವರಿಗೆ. ಉಳಿದದ್ದು ಎರಡು ಸಾವಿರ ಚಿಲ್ಲರೆ. ಇಡೀ ರಾಜ್ಯದ ನಲವತ್ತನೇ, ಐವತ್ತನೇ, ನೂರನೇ ರ‍್ಯಾಂಕಿನ ಮಕ್ಕಳೆಲ್ಲ ಈ ಎರಡು ಸಾವಿರದ ಮುಂದೆ ನಿಂತಿದ್ದಾರೆ. ಫ್ರಿಸ್ಕೊ, ಪ್ಲೇನೊ, ಕೇಟಿ, ಶುಗರ್ ಲ್ಯಾಂಡ್, ನಮ್ಮ ರೌಂಡ್ ರಾಕ್: ಕನ್ನಡದವರು, ತೆಲುಗಿನವರು, ತಮಿಳರು ಮನೆ ಮಾಡಿಕೊಂಡಿರುವ ಊರುಗಳ ಹೆಸರು ಬರೆಯುತ್ತ ಹೋದರೆ ಆ ಸಾಲಿನಲ್ಲಿ ಯಾರಿದ್ದಾರೆ ಅಂತ ಗೊತ್ತಾಗುತ್ತದೆ.

ಐದರೊಳಗೆ ಬಂದವರೂ ನೆಮ್ಮದಿಯಾಗಿದ್ದಾರೆ ಅಂದುಕೊಳ್ಳಬೇಡಿ. ಕಾಯ್ದೆ ಕೊಡುವುದು ವಿಶ್ವವಿದ್ಯಾಲಯದ ಸೀಟು, ಕೇಳಿದ ವಿಷಯದ ಸೀಟಲ್ಲ. ಮಗಳ ಗೆಳತಿಯೊಬ್ಬಳಿದ್ದಾಳೆ, 34ನೇ ರ‍್ಯಾಂಕು. ಅವಳಿಗೆ ಬೇಕಾದದ್ದು ಕಂಪ್ಯೂಟರ್ ಸೈನ್ಸ್. ಅದು ಸಿಗುತ್ತದೋ ಇಲ್ಲವೋ ಅನ್ನುವುದಕ್ಕೆ ನಮ್ಮವಳಷ್ಟೇ ಅವಳೂ ಕಾಯಬೇಕು. ಅವಳ ತಾಯಿ ನನ್ನನ್ನು ದಿನಸಿ ಅಂಗಡಿಯಲ್ಲಿ ಹಿಡಿದು, "ಊಟಕ್ಕೆ ಬಾ ಅಂತ ಕರೆದು ಎಲೆ ಮುಂದೆ ಕೂರಿಸಿ ಬರೀ ಉಪ್ಪಿನಕಾಯಿ ಬಡಿಸಿದ ಹಾಗೆ ರೀ ಇದು" ಅಂದರು. ಪಾಪ ಅನಿಸಿತು. ಆದರೂ ನನ್ನ ಮಗಳಿಗೆ ಎಲೆಯೇ ಹಾಕಿಲ್ಲವಲ್ಲ ಅಂತ ಒಳಗೇ ಅಂದುಕೊಂಡೆ.

*

ಜುಲೈನಲ್ಲಿ ಕ್ಯಾಂಪಸ್ ತೋರಿಸುವ ಟೂರಿಗೆ ಹೋದೆವು. ಆಸ್ಟಿನ್ ಜುಲೈ ಅಂದರೆ ರಾಯಚೂರಿನ ಮೇ. ಮುಂದೆ ಕಿತ್ತಳೆ ಬಣ್ಣದ ಟೀ ಶರ್ಟಿನ ಹುಡುಗಿಯೊಬ್ಬಳು ಹಿಮ್ಮುಖವಾಗಿ ನಡೆಯುತ್ತ ಮಾತಾಡುತ್ತಿದ್ದಳು. ಹಿಂದೆ ನಾವು ನಲವತ್ತು ಜನ, ಅದರಲ್ಲಿ ಅರ್ಧ ನಮ್ಮ ಕಡೆಯ ಮುಖಗಳು, ತಂದೆಯರ ಕೈಯಲ್ಲಿ ನೀರಿನ ಬಾಟಲಿ, ತಾಯಂದಿರ ಕೈಯಲ್ಲಿ ಪ್ರಶ್ನೆಗಳ ಪಟ್ಟಿ. 307 ಅಡಿಯ ಗೋಪುರದ ಕೆಳಗೆ ಫೋಟೊ ತೆಗೆಸಿಕೊಂಡೆವು. ಸೀಟು ಸಿಗದಿದ್ದರೆ ಈ ಫೋಟೊ ನೋಡಿ ಹೊಟ್ಟೆ ಉರಿಯುತ್ತದೆ ಅಂತ ಮಗಳು ಬೇಡ ಬೇಡ ಅಂದಳು. ನಮ್ಮವರು ಕೇಳಲಿಲ್ಲ.

ಟೂರು ಮುಗಿದ ಮೇಲೆ ಕಾರಿನ ಕಡೆ ನಡೆಯುವಾಗ ಕ್ಯಾಂಪಸ್ಸಿನ ಅಂಚಿನಲ್ಲಿ ಹಳೆಯ ತೈಲಬಾವಿಯ ಯಂತ್ರವೊಂದನ್ನು ನಿಲ್ಲಿಸಿರುವುದು ಕಾಣಿಸಿತು. ಅದರ ಕತೆ ನನಗೆ ಬಹಳ ಹಿಡಿಸಿತು. ಟೆಕ್ಸಾಸಿನ 1876ರ ಸಂವಿಧಾನ "ಮೊದಲ ದರ್ಜೆಯ ವಿಶ್ವವಿದ್ಯಾಲಯ" ಕಟ್ಟಬೇಕು ಅಂತ ಬರೆದು, ಅದರ ಖರ್ಚಿಗೆ ಪಶ್ಚಿಮದ ಬರಡು ಜಮೀನು ಕೊಟ್ಟಿತು. 1883ರಲ್ಲಿ ವಿಶ್ವವಿದ್ಯಾಲಯ ತೆರೆದಾಗ ಇನ್ನಷ್ಟು ಜಮೀನು ಕೊಟ್ಟರು, ಒಟ್ಟು ಇಪ್ಪತ್ತು ಲಕ್ಷ ಎಕರೆಯ ಮೇಲೆ. ದನ ಮೇಯಿಸುವುದಕ್ಕೆ ಗುತ್ತಿಗೆ ಕೊಡುವುದು ಬಿಟ್ಟರೆ ಅದರಿಂದ ದೊಡ್ಡ ಹುಟ್ಟುವಳಿ ಇರಲಿಲ್ಲ. 1923ರ ಮೇ 28ರಂದು ಆ ಜಮೀನಿನಲ್ಲಿ ಕೊರೆದ ಬಾವಿಯೊಂದರಿಂದ ಎಣ್ಣೆ ಚಿಮ್ಮಿತು. ಬಾವಿಯ ಹೆಸರು ಸಾಂತಾ ರೀಟಾ. ದುಡ್ಡು ಹಾಕಿದ್ದ ನ್ಯೂಯಾರ್ಕಿನ ಕ್ಯಾಥೊಲಿಕ್ ಹೆಂಗಸರು ತಮ್ಮ ದುಡ್ಡು ಮುಳುಗಿತೇನೋ ಅಂತ ಹೆದರಿ, ಆಗದ ಕೆಲಸ ಆಗಿಸುವ ಸಂತ ರೀಟಾಳ ಹೆಸರಿನಲ್ಲಿ ಮಂತ್ರಿಸಿದ ಗುಲಾಬಿ ಎಸಳು ಕಳಿಸಿದ್ದರಂತೆ. ಅದನ್ನು ಬಾವಿಯ ಅಟ್ಟಣಿಗೆಯ ಮೇಲಿಂದ ಚೆಲ್ಲಿ ಆ ಹೆಸರಿಟ್ಟರಂತೆ. ಆ ಎಣ್ಣೆಯ ದುಡ್ಡಿನಿಂದಲೇ ಈ ವಿಶ್ವವಿದ್ಯಾಲಯ ಸಿರಿವಂತವಾಯಿತು.

ಆಗದ ಕೆಲಸ ಆಗಿಸುವ ದೇವತೆ ಅಂದ ಮೇಲೆ ನಾನು ಆಚೀಚೆ ನೋಡಿ ಚಪ್ಪಲಿ ಬಿಟ್ಟು ಕೈ ಮುಗಿದೆ. ತೆಂಗಿನಕಾಯಿ ಒಂದು ಇದ್ದಿದ್ದರೆ ಒಡೆದೇ ಬಿಡುತ್ತಿದ್ದೆ. ಮಗಳು ನಾಚಿಕೆಯಿಂದ ಹತ್ತು ಹೆಜ್ಜೆ ಮುಂದೆ ಹೋಗಿ ನಿಂತಳು.

*

ಈ ಪರ್ಸೆಂಟಿನ ಕಾಯ್ದೆಯನ್ನು ನಮ್ಮ ಕನ್ನಡ ಸಂಘದ ಪಾಟ್‌ಲಕ್ ಊಟಗಳಲ್ಲಿ ಬಯ್ಯದವರಿಲ್ಲ. ಬಿಸಿಬೇಳೆಭಾತು ತಟ್ಟೆಗೆ ಬೀಳುವ ಮೊದಲೇ ಶುರು. ಬಯ್ಗುಳದ ಧಾಟಿ ಒಂದೇ: "ನಮ್ಮ ಮಕ್ಕಳು ಇಷ್ಟು ಕಷ್ಟದ ಶಾಲೆಯಲ್ಲಿ ಓದಿ ಎಂಟು ಪರ್ಸೆಂಟು ತಂದರೆ ಸೀಟಿಲ್ಲ. ಯಾವುದೋ ಹಳ್ಳಿ ಶಾಲೆಯಲ್ಲಿ ಮೂರು ಪರ್ಸೆಂಟು ತಂದವನಿಗೆ ಸೀಟು. ಅವನ ಎಸ್ಎಟಿ ಎಷ್ಟು ಕೇಳಿ ನೋಡಿ." ನಾನೂ ಬಯ್ದಿದ್ದೇನೆ, ಸುಳ್ಳು ಯಾಕೆ ಹೇಳಲಿ. ಎಸ್ಎಟಿ ಅನ್ನುವ ಕಾಲೇಜು ಪ್ರವೇಶ ಪರೀಕ್ಷೆಯ ಅಂಕ ಕೊಡುವುದು ಕೋವಿಡ್ ಕಾಲದಲ್ಲಿ ಐಚ್ಛಿಕವಾಗಿ, 2025ಕ್ಕೆ ಮತ್ತೆ ಕಡ್ಡಾಯವಾದಾಗ ಇನ್ನೇನು ನಮ್ಮ ಮಕ್ಕಳ ಕಾಲ ಬಂತು ಅಂತ ಖುಷಿಪಟ್ಟವರಲ್ಲಿ ನಾನೂ ಒಬ್ಬಳು.

ಬಯ್ಯುವುದಕ್ಕಾದರೂ ಸರಿಯಾಗಿ ತಿಳಿದುಕೊಳ್ಳೋಣ ಅಂತ ಈ ಬೇಸಿಗೆಯಲ್ಲಿ ಅದರ ಹಿಂದುಮುಂದು ಓದಿದೆ. ಓದಿದ ಮೇಲೆ ಬಯ್ಯುವುದು ಕಷ್ಟವಾಯಿತು.

1946ರಲ್ಲಿ ಹೀಮನ್ ಸ್ವೆಟ್ ಅನ್ನುವ ಹ್ಯೂಸ್ಟನ್ನಿನ ಪೋಸ್ಟ್‌ಮ್ಯಾನ್ ಒಬ್ಬರು ಯು.ಟಿ.ಯ ಕಾನೂನು ಶಾಲೆಗೆ ಅರ್ಜಿ ಹಾಕಿದರು. ಕಪ್ಪು ಜನಾಂಗದವರು ಅನ್ನುವ ಒಂದೇ ಕಾರಣಕ್ಕೆ ಸೀಟು ಕೊಡಲಿಲ್ಲ. ಅವರು ಕೋರ್ಟಿಗೆ ಹೋದ ಮೇಲೆ ರಾಜ್ಯ ಸರಕಾರ ಅವರಂಥವರಿಗಾಗಿ ಬೇರೆ ಕಾನೂನು ಶಾಲೆಯನ್ನೇ ತರಾತುರಿಯಲ್ಲಿ ತೆರೆಯಿತು, ಒಳಗೆ ಬಿಟ್ಟುಕೊಳ್ಳುವುದೊಂದು ತಪ್ಪಿದರೆ ಸಾಕು ಅಂತ. 1950ರಲ್ಲಿ ಸುಪ್ರೀಂ ಕೋರ್ಟು ಸ್ವೆಟ್ ಪರ ತೀರ್ಪು ಕೊಟ್ಟಿತು. ಪದವಿ ತರಗತಿಗಳಿಗೆ ಕಪ್ಪು ವಿದ್ಯಾರ್ಥಿಗಳು ಕಾಲಿಡಲು 1956 ಆಗಬೇಕಾಯಿತು. ಮುಂದೆ ವಿಶ್ವವಿದ್ಯಾಲಯ ಜನಾಂಗವನ್ನೂ ಗಮನಿಸಿ ಸೀಟು ಕೊಡತೊಡಗಿತು. 1996ರಲ್ಲಿ ಹಾಪ್‌ವುಡ್ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೂ ಕೂಡದು ಅಂದಿತು.

ಆಗ ದಕ್ಷಿಣದ ಕಿಂಗ್ಸ್‌ವಿಲ್‌ನ ಶಾಸಕಿ ಇರ್ಮಾ ರಂಗೆಲ್ ಒಂದು ಮಸೂದೆ ತಂದರು. ಜನಾಂಗ ಕೇಳಬೇಡಿ, ಪ್ರತಿ ಶಾಲೆಯಿಂದಲೂ ಮೊದಲ ಹತ್ತು ಪರ್ಸೆಂಟನ್ನು ತೆಗೆದುಕೊಳ್ಳಿ. ಅದಕ್ಕೆ ಮುಂಚೆ ರಾಜ್ಯದ ಸಾವಿರದೈನೂರರಷ್ಟು ಹೈಸ್ಕೂಲುಗಳ ಪೈಕಿ ಬರೀ 59 ಶಾಲೆಗಳು ಯು.ಟಿ.ಯ ಮೊದಲ ವರ್ಷದ ಅರ್ಧ ಸೀಟು ತುಂಬುತ್ತಿದ್ದವು. ಮಸೂದೆಗೆ ಮೆಕ್ಸಿಕೊ ಗಡಿಯ ಡೆಮಾಕ್ರಾಟರಷ್ಟೇ ಅಲ್ಲ, ಹಳ್ಳಿಗಾಡಿನ ಬಿಳಿಯ ಶಾಸಕರೂ ಕೈ ಎತ್ತಿದರು. ಅವರೂರಿನ ಮಕ್ಕಳೂ ಯು.ಟಿ. ಕಂಡಿರಲಿಲ್ಲವಲ್ಲ! 1997ರಲ್ಲಿ ಸಹಿ ಹಾಕಿದ ಗವರ್ನರ್ ಜಾರ್ಜ್ ಡಬ್ಲ್ಯು. ಬುಷ್. ಹತ್ತು ವರ್ಷದಲ್ಲಿ ಟೆಕ್ಸಾಸಿನ ಸೀಟುಗಳಲ್ಲಿ ಹತ್ತಕ್ಕೆ ಎಂಟು ಹೀಗೇ ತುಂಬತೊಡಗಿದವು. ನಮಗೆ ಆರಿಸಿಕೊಳ್ಳಲು ಏನೂ ಉಳಿಯುತ್ತಿಲ್ಲ ಅಂತ ವಿಶ್ವವಿದ್ಯಾಲಯ ಗೋಗರೆದ ಮೇಲೆ 2009ರಲ್ಲಿ ಆ ಮುಕ್ಕಾಲು ಪಾಲಿನ ಮಿತಿ ಬಂತು.

ಶುಗರ್ ಲ್ಯಾಂಡಿನ ಅಬಿಗೇಲ್ ಫಿಶರ್ ಅನ್ನುವ ಹುಡುಗಿ ಹತ್ತು ಪರ್ಸೆಂಟಿನ ಹೊರಗೆ ಬಿದ್ದು, ಸೀಟು ಸಿಗದೆ, ಯು.ಟಿ. ಮತ್ತೆ ಜನಾಂಗ ನೋಡಿ ಸೀಟು ಕೊಡುತ್ತಿದೆ ಅಂತ 2008ರಲ್ಲಿ ಕೋರ್ಟಿಗೆ ಹೋಗಿ ಎರಡು ಸಲ ಸುಪ್ರೀಂ ಕೋರ್ಟಿನ ತನಕ ಎಳೆದದ್ದು, 2016ರಲ್ಲಿ ಸೋತದ್ದು, ಆಮೇಲೆ 2023ರಲ್ಲಿ ಹಾರ್ವರ್ಡ್ ಮೊಕದ್ದಮೆಯಲ್ಲಿ ಅದೇ ಕೋರ್ಟು ಜನಾಂಗ ನೋಡುವುದನ್ನೇ ನಿಲ್ಲಿಸಿದ್ದು, ಇವೆಲ್ಲ ಪೇಪರಿನಲ್ಲಿ ಬಂದ ಸಂಗತಿ. ಅಷ್ಟೆಲ್ಲ ಆದರೂ ಪರ್ಸೆಂಟಿನ ಕಾಯ್ದೆ ಜಗ್ಗಲಿಲ್ಲ. ಅದು ಯಾರ ಬಣ್ಣವನ್ನೂ ಕೇಳುವುದಿಲ್ಲ.

ಆ 59 ಶಾಲೆಗಳ ಪಟ್ಟಿಯಲ್ಲಿ ನಮ್ಮ ಶಾಲೆ ಇರಲಿಕ್ಕಿಲ್ಲ, ಆಗ ಈ ಬಡಾವಣೆಯೇ ಇರಲಿಲ್ಲ, ಮುಳ್ಳುಗಳ್ಳಿ ಮತ್ತು ಜಿಂಕೆ ಇದ್ದವು. ಆದರೆ ನಾವು ಮನೆ ಕೊಳ್ಳುವಾಗ ಹುಡುಕಿದ್ದು ಅಂಥ ಶಾಲೆಯನ್ನೇ. ರಿಯಲ್ ಎಸ್ಟೇಟ್ ಏಜೆಂಟು ಮೊದಲು ತೋರಿಸಿದ್ದು ಶಾಲೆಯ ರೇಟಿಂಗ್, ಆಮೇಲೆ ಅಡುಗೆಮನೆ. ಹತ್ತಕ್ಕೆ ಹತ್ತು. ರಸ್ತೆಯ ಈ ಕಡೆಯ ಮನೆಗೆ ಒಂದು ಬೆಲೆ, ಆ ಕಡೆಯ ಮನೆಗೆ ಇನ್ನೊಂದು, ಯಾಕೆಂದರೆ ಶಾಲೆಯ ಗಡಿ ರಸ್ತೆಯ ಮಧ್ಯೆ ಹಾದುಹೋಗುತ್ತದೆ. ಹೆಚ್ಚಿನ ಬೆಲೆ ಕೊಟ್ಟು ಈ ಕಡೆ ಕೊಂಡೆವು. ನಮ್ಮ ಹಾಗೆಯೇ ಯೋಚಿಸಿದ ಏಳುನೂರು ಕುಟುಂಬಗಳು ಬಂದು ಅದೇ ಶಾಲೆಗೆ ಮಕ್ಕಳನ್ನು ಸೇರಿಸಿದವು. ಈಗ ಆ ಏಳುನೂರರಲ್ಲಿ ಮೂವತ್ತೈದರೊಳಗೆ ಬರಲಿಲ್ಲ ಅಂತ ಕಾಯ್ದೆಯನ್ನು ಬಯ್ಯುತ್ತಿದ್ದೇವೆ. ಗಡಿಯೂರು ಬ್ರೌನ್ಸ್‌ವಿಲ್ಲಿನ ಹುಡುಗ ನನ್ನ ಮಗಳ ಸೀಟು ಕಿತ್ತುಕೊಂಡ ಅನ್ನುವುದು ಸಂಘದ ಊಟದಲ್ಲಿ ಹೇಳಲು ಚೆನ್ನ. ನಿಜವಾಗಿ ಅವಳ ಮುಂದೆ ನಿಂತಿರುವ ಮೂವತ್ತೊಂಬತ್ತು ಮಕ್ಕಳೂ ನಮ್ಮದೇ ಬಡಾವಣೆಯವರು. ಅರ್ಧಕ್ಕರ್ಧ ಮಂದಿಯ ಹುಟ್ಟುಹಬ್ಬಕ್ಕೆ ನಾನು ಪುಳಿಯೋಗರೆ ಮಾಡಿ ಕಳಿಸಿದ್ದೇನೆ.

ಇದನ್ನು ತಿಳಿದ ಕೆಲವರು ಜಾಣತನ ಮಾಡುತ್ತಾರೆ. ಒಂಬತ್ತನೇ ತರಗತಿಗೆ ಮುಂಚೆ ಸ್ವಲ್ಪ ಸುಲಭದ ಶಾಲೆ ಇರುವ ಕಡೆ ಮನೆ ಬದಲಾಯಿಸುತ್ತಾರೆ. ಕಾಯ್ದೆ ಬಂದ ಮೇಲೆ ಹೀಗೆ ಶಾಲೆ ಆರಿಸಿಕೊಳ್ಳುವವರು ಹುಟ್ಟಿಕೊಂಡಿದ್ದನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ನಮ್ಮವರಿಗೂ ಒಬ್ಬರು ಸಲಹೆ ಕೊಟ್ಟಿದ್ದರು. ನನಗೆ ಮನಸ್ಸಾಗಲಿಲ್ಲ. ಧರ್ಮದ ಕಾರಣಕ್ಕೆ ಅಲ್ಲ, ಸಾಮಾನು ಕಟ್ಟುವ ಬೇಸರಕ್ಕೆ.

*

ಮಗಳು ಆರನೇ ತರಗತಿಯಿಂದ ಶಾಲೆಯ ಆರ್ಕೆಸ್ಟ್ರಾದಲ್ಲಿ ವಯೊಲಾ ನುಡಿಸುತ್ತಿದ್ದಳು. ವಯೊಲಾ ಅಂದರೆ ಪಿಟೀಲಿನ ಅಕ್ಕ, ಸ್ವಲ್ಪ ದಪ್ಪ ದನಿ. ಹನ್ನೊಂದನೇ ತರಗತಿಗೆ ಬಂದಾಗ ಬಿಟ್ಟಳು. ಕಾರಣ ಇಷ್ಟೇ. ನಮ್ಮ ಶಾಲೆಯಲ್ಲಿ ಎಪಿ ಅನ್ನುವ ಕಾಲೇಜು ಮಟ್ಟದ ವಿಷಯಕ್ಕೆ ಪೂರ್ಣ ಅಂಕ ಬಂದರೆ 6, ಸಾಧಾರಣ ವಿಷಯಕ್ಕೆ ಪೂರ್ಣ ಬಂದರೂ 5. ಆರ್ಕೆಸ್ಟ್ರಾ ಸಾಧಾರಣ ವಿಷಯ. ಅದರಲ್ಲಿ ನೂರಕ್ಕೆ ನೂರು ತಂದರೂ ಸರಾಸರಿ ಕೆಳಗಿಳಿಯುತ್ತದೆ. ಅಂದರೆ ಸಂಗೀತ ಚೆನ್ನಾಗಿ ಕಲಿತದ್ದಕ್ಕೆ ರ‍್ಯಾಂಕಿನಲ್ಲಿ ದಂಡ. ಈ ಲೆಕ್ಕವನ್ನು ಅವಳಿಗೆ ನಾವು ಹೇಳಿಕೊಡಲಿಲ್ಲ, ಹದಿನಾರು ವರ್ಷದ ಮಕ್ಕಳೆಲ್ಲ ತಾವಾಗಿಯೇ ಕಲಿತಿರುತ್ತಾರೆ. ಆರೋಗ್ಯದ ಪಾಠವನ್ನು ಬೇಸಿಗೆಯಲ್ಲಿ ಆನ್‌ಲೈನಿನಲ್ಲಿ ಮುಗಿಸುವುದು, ಇಷ್ಟವೇ ಇಲ್ಲದ ಎಪಿ ವಿಷಯ ತೆಗೆದುಕೊಳ್ಳುವುದು, ಹೀಗೆ. ವಯೊಲಾವನ್ನು ಅವಳು ಬಾಡಿಗೆ ಅಂಗಡಿಗೆ ವಾಪಸು ಕೊಟ್ಟು ಬಂದ ದಿನ ಏನೂ ಮಾತಾಡಲಿಲ್ಲ. ಊಟಕ್ಕೆ ಕೂತಾಗ ಎಡಗೈ ಬೆರಳುಗಳು ಮಾತ್ರ ಮೇಜಿನ ಅಂಚಿನ ಮೇಲೆ ಓಡುತ್ತಿದ್ದವು.

ವಯೊಲಾ ಬಿಟ್ಟರೂ ನಲವತ್ತೇ. ಇಟ್ಟುಕೊಂಡಿದ್ದರೆ ಅರುವತ್ತೋ ಎಪ್ಪತ್ತೋ ಆಗುತ್ತಿತ್ತು, ಫಲ ಒಂದೇ. ಈ ಮಾತನ್ನು ಅವಳೆದುರು ನಾನು ಆಡಿಲ್ಲ. ಇದನ್ನು ಅವಳು ಓದುವುದಿಲ್ಲ, ಕನ್ನಡ ಓದಲು ಬರುವುದಿಲ್ಲ. ಅದೂ ನಮ್ಮದೇ ತಪ್ಪು. ಭಾನುವಾರದ ಕನ್ನಡ ಕಲಿ ತರಗತಿ ಮತ್ತು ಗಣಿತದ ಕೋಚಿಂಗು ಒಂದೇ ಹೊತ್ತಿಗೆ ಬಂದಾಗ ಯಾವುದನ್ನು ಬಿಟ್ಟೆವು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಐದು ಪರ್ಸೆಂಟಿನ ಹೊರಗಿದ್ದವರನ್ನು ಹೋಲಿಸ್ಟಿಕ್ ರಿವ್ಯೂ ಮಾಡುತ್ತಾರೆ, ಅಂದರೆ ಮಗುವನ್ನು ಇಡಿಯಾಗಿ ನೋಡುತ್ತಾರೆ. ಪ್ರಬಂಧ ಬರೆಯಬೇಕು, ಸಣ್ಣ ಉತ್ತರಗಳನ್ನು ಬರೆಯಬೇಕು, ಏನೇನು ಚಟುವಟಿಕೆ ಅಂತ ತುಂಬಬೇಕು. ನೀನು ಯಾರು, ನಿನ್ನ ಕತೆ ಏನು. ಹದಿನೇಳು ವರ್ಷದ ಮಗುವಿಗೆ ಎಂಥ ಕತೆ ಇರುತ್ತದೆ? ಅಪ್ಪ ಅಮ್ಮ ಅದಕ್ಕೆ ಕಷ್ಟವೇ ಬಾರದ ಹಾಗೆ ಸಾಕಿರುತ್ತಾರೆ, ಈಗ ಒಂದು ಕಷ್ಟ ಹುಡುಕಿಕೊಂಡು ಬಾ ಅಂದ ಹಾಗಾಯಿತು. ಮಗಳು ಮೊದಲು ಅಜ್ಜನ ಹೊಲದ ಬಗ್ಗೆ ಬರೆದಳು. ಓದಿದೆ. ಮೆಕ್ಕೆಜೋಳ, ಬರ, ಅಜ್ಜನ ಒರಟು ಕೈ. ಹೊಲಕ್ಕೆ ಅವಳು ಒಟ್ಟು ಹೋಗಿರುವುದು ಎರಡು ಸಲ, ಒಂದು ಸಲ ಜಿಗಣೆ ಇದೆಯಾ ಅಂತ ಕೇಳಿ ಕಾರಿನಿಂದ ಇಳಿದಿರಲಿಲ್ಲ. ನಾನು ಏನೂ ಹೇಳುವ ಮುಂಚೆ ಅವಳೇ, "ಇದು ಫೇಕ್ ಅಮ್ಮ" ಅಂದು ಅಳಿಸಿದಳು. ಪ್ರಬಂಧ ತಿದ್ದಿಸಲು ಖಾಸಗಿ ಕೌನ್ಸೆಲರ್‌ಗಳಿದ್ದಾರೆ, ಸಾವಿರಗಟ್ಟಲೆ ಡಾಲರ್. ಅವರು ಇದ್ದಿದ್ದರೆ ಹೊಲವನ್ನು ಉಳಿಸಿಕೋ ಅನ್ನುತ್ತಿದ್ದರೇನೋ. ಕೊನೆಗೆ ಅವಳು ಏನು ಬರೆದಳು ಅಂತ ನಮಗೆ ತೋರಿಸಲಿಲ್ಲ. ಅಕ್ಟೋಬರ್ 15 ಮೊದಲ ಸುತ್ತಿನ ಕೊನೆಯ ದಿನ, 12ನೇ ತಾರೀಖು ರಾತ್ರಿ ಕಳಿಸಿಬಿಟ್ಟೆ ಅಂದಳು. ಉತ್ತರ ಜನವರಿ 15ರೊಳಗೆ.

ಸಿಗದಿದ್ದವರಿಗೆ ಇನ್ನೊಂದು ಹಿಂಬಾಗಿಲ ದಾರಿ ಇದೆ. ಯು.ಟಿ. ಪರಿವಾರದ್ದೇ ಬೇರೆ ಊರಿನ ಕ್ಯಾಂಪಸ್ಸಿನಲ್ಲಿ ಒಂದು ವರ್ಷ ಓದಿ, ನಿಗದಿಯಾದಷ್ಟು ಅಂಕ ತೆಗೆದರೆ ಎರಡನೇ ವರ್ಷಕ್ಕೆ ಆಸ್ಟಿನ್ನಿಗೆ ಬರಬಹುದು, ಎಲ್ಲ ವಿಷಯಕ್ಕೂ ಅಲ್ಲ. ನಮ್ಮ ಪರಿಚಯದ ಹುಡುಗನೊಬ್ಬ ಹಾಗೆ ಹೋಗಿ, ಅಲ್ಲೇ ಹೊಂದಿಕೊಂಡು, ವಾಪಸು ಬರಲೇ ಇಲ್ಲ. ಚೆನ್ನಾಗಿದ್ದಾನೆ. ಅವನ ತಾಯಿ ಮಾತ್ರ ಕಿತ್ತಳೆ ಬಣ್ಣದ ಸ್ವೆಟ್‌ಶರ್ಟ್ ಹಾಕಿಕೊಂಡವರನ್ನು ಕಂಡರೆ ಈಗಲೂ ಮುಖ ತಿರುಗಿಸುತ್ತಾರೆ.

ಮತ್ತೆ ನನ್ನ ಗೆಳತಿಯೊಬ್ಬಳ ಮಗನ ಮಾತು. ಅವನು ಎರಡನೇ ವಯಸ್ಸಿಗೇ ಇಲ್ಲಿಗೆ ಬಂದವನು, ಇನ್ನೂ ಎಚ್-4, ಅಂದರೆ ಅಪ್ಪನ ಕೆಲಸದ ವೀಸಾಕ್ಕೆ ಜೋತುಬಿದ್ದ ವೀಸಾ. ಅಪ್ಪನ ಗ್ರೀನ್ ಕಾರ್ಡಿನ ಸಾಲು ಎಷ್ಟು ಉದ್ದ ಅಂದರೆ, ಅದು ಬರುವ ಮೊದಲು ಹುಡುಗನಿಗೆ 21 ತುಂಬುತ್ತದೆ, ತುಂಬಿದ ದಿನ ಆ ವೀಸಾ ಮುಗಿಯುತ್ತದೆ. ಅವನ ರ‍್ಯಾಂಕು ಎರಡು. ಸೀಟು ಖಾತ್ರಿ. ನಮ್ಮ ಮನೆಯ ಗೋಳನ್ನು ಅವಳ ಮುಂದೆ ತೋಡಿಕೊಂಡಾಗ ಅವಳು ಸುಮ್ಮನೆ ಚಹಾ ಕುಡಿದಳು.

*

ಕಳೆದ ವಾರ ಒಸಿಐ ಕಾಗದಕ್ಕಾಗಿ ಹಳೇ ಫೈಲು ತೆಗೆದಿದ್ದೆ. ನನ್ನ ಹತ್ತನೇ ಕ್ಲಾಸಿನ ಅಂಕಪಟ್ಟಿ, ಪಿಯುಸಿಯದು, ಅದರ ಹಿಂದೆ ಪ್ಲಾಸ್ಟಿಕ್ ಕವರಿನಲ್ಲಿ ಇನ್ನೊಂದು ಹಾಳೆ. ಅಂಚು ಹಳದಿಯಾಗಿದೆ. ಮಗಳು ಪಕ್ಕದಲ್ಲೇ ಕೂತು ಫೋನು ನೋಡುತ್ತಿದ್ದವಳು, "ವಾಟ್ಸ್ ದಟ್?" ಅಂದಳು. ಗ್ರಾಮೀಣ ವ್ಯಾಸಂಗದ ಸರ್ಟಿಫಿಕೇಟು. ಒಂದರಿಂದ ಹತ್ತನೇ ತರಗತಿಯ ತನಕ ಹಳ್ಳಿಯ ಶಾಲೆಯಲ್ಲೇ ಓದಿದ್ದಾಳೆ ಅಂತ ಹೆಡ್‌ಮಾಸ್ಟರು ಬರೆದು, ಬಿಇಒ ಆಫೀಸಿನಲ್ಲಿ ಮೇಲುಸಹಿ ಮಾಡಿಸಿದ್ದು. ಆ ಸಹಿಗಾಗಿ ಅಪ್ಪ ಮೂರು ದಿನ ಅಲೆದಿದ್ದರು. ಬಿಇಒ ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ, ಊಟಕ್ಕೆ ಹೋಗಿದ್ದಾರೆ, ಇವತ್ತು ಸೀಲು ಇಲ್ಲ.

ಸಿಇಟಿ ಅಂದರೇನು ಅಂತ ಅವಳಿಗೆ ಹೇಳಿದೆ. ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ, ಸೇರಿಸಿ ಒಂದು ರ‍್ಯಾಂಕು. ಪ್ರಬಂಧ ಇಲ್ಲ, ಕತೆ ಇಲ್ಲ, ನೀನು ಯಾರು ಅಂತ ಯಾರೂ ಕೇಳುವುದಿಲ್ಲ. ಬೆಂಗಳೂರಿಗೆ ಕೌನ್ಸೆಲಿಂಗಿಗೆ ಹೋಗಿ ಪರದೆಯ ಮೇಲೆ ಸೀಟುಗಳ ಸಂಖ್ಯೆ ಇಳಿಯುವುದನ್ನು ನೋಡುತ್ತ ಕೂರುವುದು. ಐದು, ಮೂರು, ಒಂದು, ಸೊನ್ನೆ. ನನಗೆ ಬೇಕಿದ್ದ ಕಾಲೇಜಿನ ಬ್ರಾಂಚು ಸಾಮಾನ್ಯ ಸೀಟಿನಲ್ಲಿ ನನ್ನ ಸರದಿಗೆ ಮುಂಚೆಯೇ ಸೊನ್ನೆಯಾಗಿತ್ತು. ಗ್ರಾಮೀಣದಲ್ಲಿ ಒಂದು ಉಳಿದಿತ್ತು. ಆ ಒಂದು ನನ್ನದು. ಆ ಕೋಟಾ ಈಗಲೂ ಇದೆ, ಗ್ರಾಮೀಣಕ್ಕೆ ಶೇಕಡಾ 15, ಕನ್ನಡ ಮಾಧ್ಯಮಕ್ಕೆ 5. ಆ ಸೀಟಿನಿಂದ ಕೆಲಸ, ಕೆಲಸದಿಂದ ವೀಸಾ, ವೀಸಾದಿಂದ ಈ ಮನೆ.

ಇಷ್ಟು ಹೇಳಿ ಮುಗಿಸಿದಾಗ ನನಗೆ ಒಳಗೊಳಗೇ ಹೆಮ್ಮೆ ಇತ್ತು, ಅದನ್ನು ಮುಚ್ಚಿಡುವುದೇಕೆ. ಮಗಳು ಫೋನು ಕೆಳಗಿಟ್ಟು ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು ಸೀಲು ನೋಡಿದಳು.

"ಸೋ ನೀನು ಆಟೊ ಅಡ್ಮಿಟ್," ಅಂದಳು.

"ಹಾಗಲ್ಲ..." ಅಂತ ಬಾಯಿ ತೆರೆದವಳು ಅಲ್ಲೇ ನಿಂತೆ. ಹಾಗೇ ತಾನೇ.

"ಅಮ್ಮ, ನಿನಗಿಂತ ಜಾಸ್ತಿ ಮಾರ್ಕ್ಸ್ ಇದ್ದು ಆ ಸೀಟು ಸಿಗದವರು ಇದ್ದರಲ್ಲ. ಬೆಂಗಳೂರಿನ ಶಾಲೆಯವರು. ಅವರಲ್ಲಿ ಯಾರನ್ನಾದರೂ ನೀನು ನೋಡಿದ್ಯಾ?"

ನೋಡಿದ್ದೆ. ಕೌನ್ಸೆಲಿಂಗ್ ಹಾಲಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ನೀಲಿ ಚೂಡಿದಾರದ ಹುಡುಗಿಯೊಬ್ಬಳು ಕೂತಿದ್ದಳು, ಅವಳ ರ‍್ಯಾಂಕು ನನಗಿಂತ ಮುಂದಿತ್ತು, ಅವಳಿಗೂ ಅದೇ ಕಾಲೇಜು ಬೇಕಿತ್ತು. ಸೊನ್ನೆ ಬಿದ್ದಾಗ ಅವಳಪ್ಪ ಎದ್ದು ಹೊರಗೆ ಹೋದರು. ಅವಳು ಹೋಗಲಿಲ್ಲ. ಕರ್ಚೀಫು ಮಡಚಿ ಬಿಚ್ಚಿ ಮಡಚುತ್ತಿದ್ದಳು. ನನ್ನ ನಂಬರು ಕೂಗಿದಾಗ ನಾನು ಎದ್ದು ಅವಳ ಕಾಲು ದಾಟಿ ಹೋದೆ. ಇಷ್ಟು ವರ್ಷ ಅವಳು ನನಗೆ ನೆನಪಾಗಿರಲೇ ಇಲ್ಲ.

"ಆಮೇಲೆ ಏನಾದಳು ಅವಳು?"

"ಗೊತ್ತಿಲ್ಲ," ಅಂದೆ.

"ಹೆಸರು?"

"ಕೇಳಲಿಲ್ಲ."

ಸರ್ಟಿಫಿಕೇಟನ್ನು ಅವಳೇ ಕವರಿನೊಳಗೆ ತೂರಿಸಿ ಕೊಟ್ಟಳು. ಆಮೇಲೆ ಕೆಳಗೆ ಹೋಗಿ ಫ್ರಿಜ್ಜಿನಲ್ಲಿ ಏನಿದೆ ಅಂತ ಕೂಗಿ ಕೇಳಿದಳು. ಮೊಸರನ್ನ ಇದೆ ಅಂದೆ.